ಮರೆತವರ ಮುಸಲ್ಲಾದ ಪಕ್ಕದಲ್ಲಿ

ನನ್ನ ಉಮ್ಮನಿಗೆ ಮರೆಗುಳಿತನದ ಕಾಯಿಲೆ ಬಂದು ನಾಲ್ಕು ವರ್ಷಗಳಾದವು. ಝುಹರ್ ನಮಾಝ್ ಮುಗಿಸಿದ ಅರ್ಧ ಗಂಟೆಯಲ್ಲೇ "ಮೋನೇ, ಬಾಂಗ್ ಆಯಿತೇ?" ಎಂದು ಕೇಳಿ ಮತ್ತೆ ಮುಸಲ್ಲಾ ಹಾಸುತ್ತಾರೆ. ತಿದ್ದಿದರೆ ನೆನಪು ಮರಳುವುದಿಲ್ಲ, ಅವಮಾನವಷ್ಟೇ ಉಳಿಯುತ್ತದೆ. ಆದ್ದರಿಂದ ನಾವು ವಾದಿಸದೆ ಪಕ್ಕದಲ್ಲಿ ಕುಳಿತಿರುತ್ತೇವೆ.

ವಿವೇಚನಾಶಕ್ತಿಯನ್ನು ಕಳೆದುಕೊಂಡವರ ಮೇಲೆ ನಮಾಝ್ ಕಡ್ಡಾಯವಲ್ಲ. ಅವರ ರಕ್‌ಅತ್‌ಗಳನ್ನು ಎಣಿಸಿ ಕಾಡಬೇಕಾಗಿಲ್ಲ. ಕಡ್ಡಾಯವಾಗಿರುವುದು ನಮ್ಮ ಸಹನೆ. ಪವಿತ್ರ ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23ನೇ ಸೂಕ್ತವು ವೃದ್ಧ ಮಾತಾಪಿತರ ಮುಂದೆ ಬೇಸರದ ಸಣ್ಣ ಉದ್ಗಾರವನ್ನೂ ನಿಷೇಧಿಸಿದೆ.

ಮರೆವು ಹೆಚ್ಚುತ್ತಿದ್ದರೆ "ವಯಸ್ಸಾಯಿತು" ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಿರಿ. ಥೈರಾಯ್ಡ್ ದೋಷ, ಬಿ12 ಕೊರತೆಗಳಿಂದಲೂ ಮರೆವು ಬರಬಹುದು, ಅವುಗಳಿಗೆ ಚಿಕಿತ್ಸೆಯಿದೆ. ಒಮ್ಮೆಗೆ ಒಂದೇ ಮಾತು ಹೇಳಿರಿ. "ನಾನು ಯಾರು ಹೇಳಿ?" ಎಂದು ಪರೀಕ್ಷಿಸದೆ ನೀವೇ ಹೆಸರು ಹೇಳಿ ಸಲಾಮ್ ಹೇಳಿರಿ. ವುಝೂ ಮಾಡುವಲ್ಲಿ ನೆಲ ಒಣಗಿರಲಿ, ರಾತ್ರಿ ದೀಪವಿರಲಿ. ಉಡುಪಿನಲ್ಲಿ ಮನೆಯ ದೂರವಾಣಿ ಸಂಖ್ಯೆಯ ಚೀಟಿಯಿರಲಿ.

ಇನ್ನೊಂದು ಮಾತು. ಅನೇಕ ಮನೆಗಳಲ್ಲಿ ಈ ಹೊರೆಯೆಲ್ಲ ಸೊಸೆಯೊಬ್ಬಳ ಮೇಲೆ ಬೀಳುತ್ತದೆ. ಹೆತ್ತವರ ಸೇವೆ ಮಕ್ಕಳ ಹೊಣೆ. ಸೊಸೆ ಮಾಡುವುದು ಔದಾರ್ಯ. ಸಹೋದರರೇ, ರಾತ್ರಿಯ ಸರದಿಯನ್ನು ನೀವು ವಹಿಸಿಕೊಳ್ಳಿರಿ. ಅಲ್ಲಾಹನು ನಮಗೆಲ್ಲ ಸಹನೆಯನ್ನು ಕರುಣಿಸಲಿ.