ಬರಿದಾದ ಹಟ್ಟಿ

ನಮ್ಮ ಕಾಸರಗೋಡಿನದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಗುಡ್ಡದಿಂದಿಳಿದ ನೀರು ಮಣ್ಣಿನ ಸಾರವನ್ನೂ ತೊಳೆದುಕೊಂಡು ಹೊಳೆ ಸೇರುತ್ತದೆ. ಇದನ್ನರಿತೇ ಹಿರಿಯರು ಹಟ್ಟಿಗೆ ಸೊಪ್ಪು ಹಾಸಿ, ಅದು ಸೆಗಣಿ ಗಂಜಳಗಳೊಡನೆ ಕಳಿತ ಮೇಲೆ ಕಂಗಿನ ಬುಡಕ್ಕೆ ಕೊಡುತ್ತಿದ್ದರು.

2001ರಲ್ಲಿ ತೀರ್ಥರೂಪರು ಹಾಸಿಗೆ ಹಿಡಿದಾಗ ತೋಟದ ಹೊಣೆ ನಮ್ಮ ಮೇಲೆ ಬಿತ್ತು. ಸೊಪ್ಪಿನ ಗುಡ್ಡೆಯಲ್ಲಿ ಅದಾಗಲೇ ರಬ್ಬರ್ ಬೆಳೆದಿತ್ತು, ಆಳುಗಳು ಸಿಗುತ್ತಿರಲಿಲ್ಲ. ನಾಲ್ಕು ದನಗಳನ್ನೂ ಮಾರಿ ಗೋಣಿಯ ಗೊಬ್ಬರವನ್ನೇ ನೆಚ್ಚಿದೆವು. "ಹಟ್ಟಿ ಬರಿದಾದರೆ ತೋಟವೂ ಬರಿದಾದೀತು, ಮಗಾ" ಎಂದರು ಅಪ್ಪ. ಲೆಕ್ಕ ಬಲ್ಲವರೆಂಬ ಹಮ್ಮಿನಲ್ಲಿ ನಾವು ಕಿವಿಗೊಡಲಿಲ್ಲ.

ಮೊದಲೆರಡು ವರ್ಷ ಫಸಲು ಕುಂದಲಿಲ್ಲ. ಆಮೇಲೆ ಬುಡ ಬಿಡಿಸುವಾಗ ಹಾರೆ ಕಲ್ಲಿಗೆ ತಾಗಿದಂತೆ ಸದ್ದಾಗತೊಡಗಿತು. ಎರೆಹುಳಗಳು ಕಾಣದಾದವು. ಎಷ್ಟು ನೀರುಣಿಸಿದರೂ ಬೇಸಗೆಯಲ್ಲಿ ಸೋಗೆಗಳು ಜೋಲುತ್ತಿದ್ದವು. ತಪ್ಪನ್ನು ಒಪ್ಪಿಕೊಳ್ಳೋಣವೆಂದರೆ ಆ ವೇಳೆಗೆ ಅಪ್ಪ ಇರಲಿಲ್ಲ.

ನಮ್ಮೂರಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸನ್ನು ಮತ್ತೊಮ್ಮೆ ತೆರೆದು ನೋಡಿದೆವು. ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್; ಅವುಗಳ ಜೊತೆಗೆ 12 ಕಿಲೋ ಹಸುರೆಲೆ, 12 ಕಿಲೋ ಹಟ್ಟಿಗೊಬ್ಬರ. ನಾವು ಗ್ರಾಮುಗಳನ್ನು ಪಾಲಿಸಿ ಕಿಲೋಗಳನ್ನು ಮರೆತಿದ್ದೆವು! ಸಾವಯವ ಗೊಬ್ಬರವು ಮಣ್ಣನ್ನು ಸಡಿಲಗೊಳಿಸಿ ನೀರನ್ನೂ ಪೋಷಕಾಂಶಗಳನ್ನೂ ಹಿಡಿದಿಡುತ್ತದೆ. ಅದಿಲ್ಲದ ಮಣ್ಣಿನಿಂದ ಗೋಣಿಯ ಗೊಬ್ಬರದ ಬಹುಪಾಲು ಮಳೆಯೊಡನೆ ಹರಿದುಹೋಗಿತ್ತು.

400 ಮರಗಳಿಗೆ 4,800 ಕಿಲೋ ಸೊಪ್ಪು ಎಲ್ಲಿಂದ? ಬೇಲಿಯುದ್ದಕ್ಕೂ ಗ್ಲಿರಿಸೀಡಿಯಾ ನೆಟ್ಟೆವು. ಒಂದು ಹಸುವನ್ನು ತಂದು ಕಟ್ಟಿದೆವು. ಉದುರಿದ ಸೋಗೆ, ಹಾಳೆಗಳನ್ನು ಸುಡುವುದನ್ನು ಬಿಟ್ಟು, ಕೊಚ್ಚಿ, ಸೆಗಣಿನೀರು ಚಿಮುಕಿಸಿ, ಅರೆಬರೆ ಕಳಿತ ಮೇಲೆ ಎರೆಹುಳ ಬಿಟ್ಟೆವು. ಮಳೆ ಹಿಂದೆ ಸರಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರಿನಲ್ಲಿ, ಬುಡದ ಸುತ್ತ ಮುಕ್ಕಾಲು ಮೀಟರಿನಷ್ಟು ಬಿಡಿಸಿ ಗೊಬ್ಬರ ಕೊಡುತ್ತ ಬಂದೆವು. ರಾಸಾಯನಿಕವನ್ನು ಪೂರ್ತಿ ತೊರೆಯಲಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟನ್ನೇ ಹಾಕಿದೆವು.

ಮೂರನೆಯ ವರ್ಷ ಹಾರೆ ಸಲೀಸಾಗಿ ಇಳಿಯಿತು. ಮಗುಚಿದ ಮಣ್ಣಿನಲ್ಲಿ ಎರೆಹುಳವೊಂದು ಹೊರಳುತ್ತಿತ್ತು. ಕೆಲಸ ನಿಲ್ಲಿಸಿ ಕಟ್ಟೆಯ ಮೇಲೆ ತುಸು ಹೊತ್ತು ಕುಳಿತೆವು.

ಈಗ ಪೇಟೆಯಲ್ಲಿರುವ ಮಗ ಮೊನ್ನೆ ಬಂದವನು, "ಒಂದು ಹಸುವಿಗಾಗಿ ಇಷ್ಟು ಕಷ್ಟ ಯಾಕಪ್ಪಾ?" ಎಂದ. ನಮ್ಮ ತಪ್ಪನ್ನು ಮುಚ್ಚಿಡದೆ ಅವನಿಗೆ ಹೇಳಿದೆವು. ಓದುಗರಲ್ಲಿಯೂ ನಮ್ಮ ವಿನಂತಿ ಇಷ್ಟೇ: ಹಟ್ಟಿಯನ್ನು ಬರಿದು ಮಾಡುವ ಮುನ್ನ, ಮನೆಯ ಹಿರಿಯರು ಇರುವಾಗಲೇ, ಅವರ ಮಾತನ್ನೊಮ್ಮೆ ಕೇಳಿರಿ.