ನಾಯಿಗೊಂದು ಕಲ್ಲು

ಬಸ್ತಿಹಳ್ಳಿಯ ನಮ್ಮ ಕೇರಿಯಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಕರಿಯ, ಕೆಂಪ, ತಿಮ್ಮ ಅಂತ ಹೆಸರು. ಜಮೀನ್ದಾರರ ಮನೆಯ ನಾಯಿಗೆ ರಾಜ ಅಂತ ಹೆಸರು. 'ಬಾರೋ ರಾಜ' ಅಂದರೆ ನಾಯಿ ಜಗಲಿ ಹತ್ತುತ್ತಿತ್ತು. 'ಬಾರ್ಲಾ ಕರಿಯ' ಅಂದರೆ ನಮ್ಮಪ್ಪಂದಿರು ಕೊಟ್ಟಿಗೆ ಮಗ್ಗುಲಿಗೆ ಹೋಗಿ ನಿಲ್ಲುತ್ತಿದ್ದರು.

'ಅದು ಒಳಕ್ಕೋದ್ರೆ ಯಾರೂ ಏನೂ ಅನ್ನಾಕಿಲ್ಲ, ನಾವೋದ್ರೆ ಮನೆನೇ ತೊಳೀತಾರೆ ಕಣ್ಲಾ' ಅನ್ನುತ್ತಿದ್ದಳು ನಮ್ಮವ್ವ. ನಗುತ್ತಲೇ ಅನ್ನುತ್ತಿದ್ದಳು.

ಕೇರಿಯ ನಾಯಿಗಳ ಕತೆ ಬೇರೆ. ಅವಕ್ಕೆ ಹೆಸರೂ ಇಲ್ಲ, ಒಡೆಯನೂ ಇಲ್ಲ. ಊರಲ್ಲಿ ಮದುವೆಯಾದ ದಿನ ಎಂಜಲೆಲೆ ಬಿಸಾಡುವ ತಿಪ್ಪೆಯ ಹತ್ತಿರ ನಾವೂ ಅವೂ ಎದುರುಬದುರು. ಎಲೆಯ ಒಂದು ತುದಿ ನಮ್ಮ ಕೈಲಿ, ಇನ್ನೊಂದು ತುದಿ ಅದರ ಬಾಯಲ್ಲಿ. ಅದೇ ನಾಯಿ ರಾತ್ರಿ ನಮ್ಮ ಹಟ್ಟಿ ಬಾಗಿಲಲ್ಲಿ ಮಲಗಿ ಚಿರತೆ ಬಂದರೆ ಬೊಗಳುತ್ತಿತ್ತು. ಹಗಲು ಪಾಲಿಗೆ ಜಗಳ, ರಾತ್ರಿ ಕಾವಲಿಗೆ ಜೊತೆ.

ಇದನ್ನು ಹಣೆಬರಹ ಅಂದವರಿದ್ದಾರೆ. ಬರಹ ಹೌದು, ಹಣೆಯದಲ್ಲ. ಚಂಡಾಲರು ಊರಾಚೆ ಇರಬೇಕು, ನಾಯಿ ಕತ್ತೆಗಳೇ ಅವರ ಆಸ್ತಿ ಎಂದು ಮನುಸ್ಮೃತಿಯ ಹತ್ತನೆಯ ಅಧ್ಯಾಯ ಹೇಳುತ್ತದೆ. ನಾಯಿ ನಮ್ಮ ಆಸ್ತಿಯಾಯಿತು, ಕೆರೆ ಮಾತ್ರ ನಾಯಿಯದಾಯಿತು. ಮಹಾಡಿನ ಚೌದಾರ್ ಕೆರೆಯಲ್ಲಿ ದನ, ನಾಯಿ ನೀರು ಕುಡಿಯಬಹುದಿತ್ತು, ಅಸ್ಪೃಶ್ಯರು ಮುಟ್ಟುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ಕೆರೆಗಿಳಿದು ನೀರು ಕುಡಿದರು.

ನಮ್ಮೂರಲ್ಲಿ ಕಲ್ಲಿಗೇನೂ ಬರವಿಲ್ಲ. 1133ರಲ್ಲಿ ಬೊಪ್ಪದೇವ ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ ಪಾರ್ಶ್ವನಾಥ ಬಸದಿ ಇಲ್ಲಿದೆ. ಮುಖ ಕಾಣುವ ಹಾಗೆ ಮಿರುಗುವ ಆ ಕಂಬಗಳ ಕಲ್ಲು ಎಳೆದು ತಂದವರ ಹೆಸರು ಎಲ್ಲಿದೆ? ನಾಯಿಯ ಹೆಸರು ಕಲ್ಲಿನಲ್ಲಿದೆ. ಮಂಡ್ಯ ಸೀಮೆಯ ಆತಕೂರಿನ ಶಾಸನ, ಕ್ರಿ.ಶ. 949-50ರದು. ಗಂಗರ ಬೂತುಗ ತನ್ನ ಬಂಟ ಮಣಲೇರನಿಗೆ ಮೆಚ್ಚಿ ಕೊಟ್ಟ ಬೇಟೆನಾಯಿಯ ಹೆಸರು ಕಾಳಿ. ಅದರದೂ ಕರಿ ಹೆಸರೇ. ಕಾಡುಹಂದಿಯ ಜೊತೆ ಕಾದಾಡಿ ಎರಡೂ ಸತ್ತವು. ಮಣಲೇರ ಗುಡಿಯ ಮುಂದೆ ಕಲ್ಲು ನೆಡಿಸಿ ಭೂಮಿ ಬಿಟ್ಟ. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಸತ್ತ ನಾಯಿಗೆ ಭೂಮಿ ಸಿಕ್ಕಿತು. ಬದುಕಿದ್ದ ನಮ್ಮ ತಾತಂದಿರಿಗೆ ಹೂಳಲು ಜಾಗ ಹುಡುಕಬೇಕಾಯಿತು.

ಈಗ ನಮ್ಮ ಮಕ್ಕಳು ತಿಪ್ಪೆಗೆ ಹೋಗುವುದಿಲ್ಲ, ಸ್ಕೂಲಿಗೆ ಹೋಗುತ್ತಾರೆ. ನಾಯಿಗಳಿಗೆ ತಿಪ್ಪೆಯೇ ಉಳಿದಿದೆ. ಹಳೇಬೀಡಿನ ಗುಡಿ ನೋಡಲು ಬರುವವರ ಕಾರಿನ ಕಿಟಕಿಯಲ್ಲಿ ಸೀಮೆನಾಯಿ ತಲೆ ಹೊರಹಾಕಿರುತ್ತದೆ. ಬೀದಿನಾಯಿಗೆ ಸಂತಾನಹರಣ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದು 2001ರ ನಿಯಮ ಹೇಳಿತು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳನ್ನು ಹಿಡಿದು ಕೂಡಿಹಾಕಿ ಎಂದಿತು, ಜನ ಬೀದಿಗಿಳಿದರು, ಹನ್ನೊಂದೇ ದಿನದಲ್ಲಿ ಆದೇಶ ಬದಲಾಯಿತು. ನಾಯಿಗೂ ತನ್ನ ಬೀದಿ ಉಂಟು ಎಂದರೆ ನಮಗೆ ಸಂತೋಷವೇ. ಊರ ಬೀದಿಯಲ್ಲಿ ಚಪ್ಪಲಿ ಮೆಟ್ಟಿ ನಡೆಯಲು ನಾವೆಷ್ಟು ಕಾಲ ಕಾದೆವು?

ಕಚ್ಚಿಸಿಕೊಳ್ಳುವವರು ಕಾರಿನವರಲ್ಲ, ಕಾಲ್ನಡಿಗೆಯವರು. ನಮ್ಮ ಕೇರಿಯ ಹುಡುಗಿಯೊಬ್ಬಳಿಗೆ ನಾಯಿ ಕಚ್ಚಿತು. ಗಾಯಕ್ಕೆ ಸುಣ್ಣ ಮೆತ್ತಿದರು. ಸೋಪು ಹಚ್ಚಿ ಹರಿಯುವ ನೀರಲ್ಲಿ ಕಾಲುಗಂಟೆ ತೊಳೆಯಬೇಕೆಂದು ನಮಗ್ಯಾರೂ ಹೇಳಿರಲಿಲ್ಲ. ಆಸ್ಪತ್ರೆಗೆ ಹೋದರೆ ಸೂಜಿ ಮುಗಿದಿದೆ, ನಾಳೆ ಬನ್ನಿ ಎಂದರು. ಹುಚ್ಚುನಾಯಿ ರೋಗ ಕಾಣಿಸಿಕೊಂಡ ಮೇಲೆ ನಾಳೆ ಎಂಬುದಿಲ್ಲ. ಸಾಲ ಮಾಡಿ ಬೇರೆ ಕಡೆ ಸೂಜಿ ಹಾಕಿಸಿದೆವು. ಹುಡುಗಿ ಉಳಿದಳು.

ಆವೊತ್ತು ಹುಡುಗರು ದೊಣ್ಣೆ ಹಿಡಿದು ಹೊರಟರು. ನಮ್ಮವ್ವ ಅಡ್ಡ ನಿಂತಳು: 'ಆ ಬಡಪಾಯಿನ ಯಾಕ್ರಲಾ ಹೊಡೀತೀರ? ಸೂಜಿ ಮಡಗದೋರ್ನ ಹೋಗಿ ಕೇಳ್ರಲಾ.'

ಸರಿಯಾದ ಮಾತು. ನಾಯಿ ಯಾವತ್ತೂ ನಮ್ಮ ಜಾತಿ ಕೇಳಲಿಲ್ಲ. ಅದನ್ನು ಜಗಲಿ ಹತ್ತಿಸಿದವರೂ ನಮ್ಮನ್ನು ಇಳಿಸಿದವರೂ ಮನುಷ್ಯರೇ. ಕೇಳುವುದಿದ್ದರೆ ಅವರನ್ನೇ ಕೇಳುತ್ತೇವೆ. ನಮಗೆ ಕಲ್ಲು ಬೇಡ. ಉಳಲು ಭೂಮಿ ಬೇಕು, ಆಸ್ಪತ್ರೆಯಲ್ಲಿ ಸೂಜಿ ಬೇಕು, ನಮ್ಮ ಹೆಸರನ್ನು ನೆಟ್ಟಗೆ ಕರೆಯುವ ನಾಲಗೆ ಬೇಕು.