ಗ್ಯಾರೇಜಿನವನ ಬಾವಿಯ ನೀರು

ಖಾನಾಪುರದಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಮಲಪ್ರಭೆ ಕೆಂಪಗೆ ತುಂಬಿ ಹರಿಯುತ್ತಿರುತ್ತಾಳೆ, ನಾವು ಬಚ್ಚಲೊಲೆಯ ಮುಂದೆ ಕೈ ಕಾಸುತ್ತ ಕೂತಿರುತ್ತೇವೆ. ಆಗ ಮಕ್ಕಳು ಕೇಳುವುದು ಒಂದೇ ಕಥೆ: ಬೆಳಗಾವಿಯ ಚಿಕ್ಕಮ್ಮನ ಬಾವಿಗೆ ಪೆಟ್ರೋಲು ಬಂದದ್ದು.

ಚಿಕ್ಕಮ್ಮನ ಮನೆ ಟಿಳಕವಾಡಿ ಕಡೆ. ಬೆಳಗಾವಿ ಬಾವಿಗಳ ಊರು. 1924ರಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಅಧಿವೇಶನಕ್ಕೆಂದು ತೋಡಿದ ದೊಡ್ಡ ಬಾವಿ ಈಗಲೂ ಅಲ್ಲಿದೆ. 1995ರ ನೀರಿನ ಬವಣೆಯ ನಂತರ ಊರಿನವರು ಹಳೆಯ ಬಾವಿಗಳ ಹೂಳೆತ್ತಿ ಮತ್ತೆ ಬಳಕೆಗೆ ತಂದರು. ಚಿಕ್ಕಮ್ಮ ನಳದ ನೀರಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಕುಡಿಯಲು ಮಾತ್ರ ಬಾವಿಯದೇ ಆಗಬೇಕು.

ಒಂದು ಶ್ರಾವಣದಲ್ಲಿ ಅವಳ ಫೋನು ಬಂತು. "ನೀರು ಚಿಮಣಿ ಎಣ್ಣಿ ವಾಸನಿ ಹೊಡೀತೈತೋ ತಮ್ಮಾ. ಪಟಕ ಹಾಕಿದೆ, ಬ್ಲೀಚಿಂಗ್ ಪುಡಿ ಹಾಕಿದೆ, ಹೋಗವಲ್ದು."

ಹೋಗಿ ಒಂದು ಕೊಡ ಸೇದಿದೆ. ನೀರಿನ ಮೇಲೆ ನವಿಲುಗರಿ ಬಣ್ಣದ ತೆಳುವಾದ ಪೊರೆ. ಬೆರಳಿಟ್ಟರೆ ಬಿರಿಯುತ್ತಿತ್ತು, ತೆಗೆದರೆ ಕೂಡಿಕೊಳ್ಳುತ್ತಿತ್ತು. ಓಣಿಯವರು ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು: ಮೇಲಿನ ತಿರುವಿನಲ್ಲಿ ಸ್ಕೂಟರ್ ರಿಪೇರಿ ಮಾಡುವವನದೇ ಕೆಲಸ. ಅವನ ಅಂಗಳದ ತುಂಬ ಎಣ್ಣೆಯ ಕಲೆ, ಎಲ್ಲರ ಕಣ್ಣಿಗೂ ಕಾಣುವಂಥದ್ದು. ಚಿಕ್ಕಮ್ಮ ಬಾಗಿಲಿಗೇ ಹೋಗಿ ಬಾಯಿಗೆ ಬಂದಂತೆ ಬೈದು ಬಂದಿದ್ದಳು. ಅವನು ತಲೆ ತಗ್ಗಿಸಿ ನಿಂತಿದ್ದನಂತೆ.

ಕಾಲೇಜಿನಲ್ಲಿ ನನಗೆ ಭೂವಿಜ್ಞಾನ ಕಲಿಸಿದ ಮೇಷ್ಟ್ರನ್ನು ಕರೆತಂದೆ. ಅವರು ಮೊದಲು ಯಾರನ್ನೂ ಏನೂ ಕೇಳಲಿಲ್ಲ. ಉಕ್ಕಿನ ಟೇಪಿಗೆ ಸೀಮೆಸುಣ್ಣ ಬಳಿದು ಸುತ್ತಲಿನ ಬಾವಿಗಳಲ್ಲಿ ಇಳಿಬಿಟ್ಟು, ಸುಣ್ಣ ಎಲ್ಲಿಯವರೆಗೆ ತೊಯ್ದಿದೆಯೋ ಓದಿಕೊಂಡರು. ಗೌಂಡಿಗಳ ಪಾರದರ್ಶಕ ನೀರಿನ ಪೈಪು ಹಿಡಿದು ಬಾವಿಕಟ್ಟೆಗಳ ಎತ್ತರ ಹೊಂದಿಸಿದೆವು. ಲೆಕ್ಕ ಹಾಕಿದಾಗ ನೆಲದೊಳಗಿನ ನೀರು ಗ್ಯಾರೇಜಿನ ಕಡೆಯಿಂದ ಬರುತ್ತಲೇ ಇರಲಿಲ್ಲ. ಅದರ ಇಳಿಜಾರು ಹಿಂಬದಿಯ ಖಾಲಿ ಜಾಗದಿಂದ ಚಿಕ್ಕಮ್ಮನ ಬಾವಿಯತ್ತ. ಗ್ಯಾರೇಜಿನವನ ಬಾವಿಯ ನೀರು ತಿಳಿಯಾಗಿತ್ತು, ವಾಸನೆಯ ಸುಳಿವೂ ಇಲ್ಲ.

ಆ ಖಾಲಿ ಜಾಗದಲ್ಲಿ ಹಿಂದೆ ಬಂಕು ಇತ್ತೆಂದು ಹಿರಿಯರೊಬ್ಬರು ನೆನಪು ಮಾಡಿಕೊಂಡರು. ಮುಚ್ಚಿ ವರ್ಷಗಳೇ ಆಗಿದ್ದವು. ಪಂಪು ಕಿತ್ತೊಯ್ದವರು ಟಾಕಿಯನ್ನು ಮಣ್ಣಲ್ಲೇ ಬಿಟ್ಟು ಹೋಗಿದ್ದರು.

ಕೈಬೈರಿಗೆಯಿಂದ ಕೊರೆದೆವು. ಮೇಲೆ ತೂತುತೂತಾದ ಕೆಂಪು ಮುರಕಲ್ಲು, ಅದರ ಕೆಳಗೆ ನುಣುಪು ಜೇಡಿ. ಖಾನಾಪುರದ ಹಂಚು, ಗಡಿಗೆಗಳ ನಡುವೆ ಬೆಳೆದವನು ನಾನು, ಜೇಡಿಯ ಗುಣ ಗೊತ್ತು: ನೀರನ್ನು ಸುಲಭಕ್ಕೆ ಇಳಿಯಗೊಡದು. ಮುರಕಲ್ಲಿನ ಪೊಟರೆಗಳಲ್ಲಿ ಇಳಿದ ಪೆಟ್ರೋಲು ಆ ಜೇಡಿಯ ಮೇಲೆ ನಿಂತು ಅಡ್ಡಡ್ಡ ಹರಿದಿತ್ತು. ಮಣ್ಣಿಗೆ ಅಂಟಿ ಉಳಿದದ್ದನ್ನು ಪ್ರತಿ ಮಳೆಗಾಲ ತೊಳೆದು ಬಾವಿಗೆ ಒಯ್ಯುತ್ತಿತ್ತು. ಹತ್ತಡಿಯಲ್ಲಿ ಎತ್ತಿದ ಬೂದು ಮಣ್ಣನ್ನು ಮೇಷ್ಟ್ರು ಗಾಜಿನ ಭರಣಿಗೆ ಹಾಕಿ ಮುಚ್ಚಿ, ಬಿಸಿಲಿಗಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮುಚ್ಚಳ ಸಡಿಲಿಸಿದರು. ಬಂಕಿನಲ್ಲಿ ನಿಂತ ಹಾಗಾಯಿತು.

"ಮೇಲೆ ತೇಲೋದನ್ನ ಕೆನೆ ಥರ ತೆಗೀಬಹುದು. ಕರಗಿದ್ದನ್ನ ಏನ್ ಮಾಡ್ತಿ?" ಎಂದರು. ಕರಗುವುದು ಬೆಂಜೀನ್, ರಕ್ತದ ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪೆಟ್ರೋಲಿನಲ್ಲಿ ಅದು ಶೇ. 1ರಷ್ಟಿದ್ದರೂ, ಒಂದೇ ಲೀಟರಿನಲ್ಲಿರುವ ಬೆಂಜೀನ್ 8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಲು ಸಾಕು. ಕೂತು ಲೆಕ್ಕ ಮಾಡಿದವನು ನಾನೇ, ಆ ರಾತ್ರಿ ನಿದ್ದೆ ಬರಲಿಲ್ಲ. ಚಿಕ್ಕಮ್ಮ ಆ ನೀರು ಎಷ್ಟು ದಿನದಿಂದ ಕುಡಿಯುತ್ತಿದ್ದಳೋ.

ಅರ್ಜಿ, ಓಡಾಟ ಎಲ್ಲ ಮುಗಿದು ಟಾಕಿ ಎತ್ತಿದ್ದು ಮಳೆ ನಿಂತ ಮೇಲೆ. ಕ್ರೇನಿನಲ್ಲಿ ತೂಗಿದಾಗ ಅದರ ಹೊಟ್ಟೆ ಕಂಡಿತು. ಮೈಯೆಲ್ಲ ತುಕ್ಕು, ಆದರೆ ತೂತು ಬಿದ್ದದ್ದು ಒಂದೇ ಕಡೆ: ಎಣ್ಣೆ ಅಳೆಯುವ ಕೋಲು ಇಳಿಸುವ ಬಾಯಿಯ ನೇರ ಕೆಳಗೆ. ವರ್ಷಾನುವರ್ಷ, ದಿನವೂ, ಕೋಲಿನ ತುದಿ ಅದೇ ಜಾಗಕ್ಕೆ ಬಡಿದು ತಗಡು ಸವೆದಿತ್ತು. ನನ್ನ ಕಿರುಬೆರಳು ಹೋಗುವಷ್ಟು ತೂತು.

ಬಾವಿಗೆ ಹಾಸುಗಲ್ಲು ಮುಚ್ಚಿದರು. ಗಡಗಡಿ ಬಿಚ್ಚುವಾಗ ಚಿಕ್ಕಮ್ಮ ಒಳಗೆ ಹೋಗಿಬಿಟ್ಟಳು.

ಆ ವರ್ಷದ ದೀಪಾವಳಿಗೆ ನಾನು ಅಲ್ಲೇ ಇದ್ದೆ. ನೀರು ತುಂಬುವ ಹಬ್ಬದ ಸಂಜೆ ಅವಳು ಹಂಡೆ ತೊಳೆದು, ಕೊಡ ಬೆಳಗಿ, ಸುಣ್ಣ, ಕೆಮ್ಮಣ್ಣು ಬರೆದು, ಕೊಡವನ್ನು ಸೊಂಟಕ್ಕಿಟ್ಟುಕೊಂಡು ಮೇಲಿನ ತಿರುವಿನ ಕಡೆ ನಡೆದಳು. ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತ ಎದ್ದು ಬಂದ. "ನಿನ್ನ ಬಾವಿ ಪೂಜಿ ಮಾಡ್ಲೇನಪ್ಪಾ?" ಎಂದಳು. ಅವನು ಮಾತಾಡದೆ ಹಗ್ಗ ಬಿಟ್ಟ, ಮೊದಲ ಕೊಡ ತಾನೇ ಸೇದಿ ಕೊಟ್ಟ.